ಸೀಟು ಎತ್ತರಿಸುವ ಮೊದಲು ಒಮ್ಮೆ ಕಿತ್ತು ನೋಡಿ ಸ್ವಾಮಿ

ನಮ್ಮ ಕನ್ನಡ ಬ್ಲಾಗಿಗರಲ್ಲಿ ಅಪ್ಪನ ಸೈಕಲ್ಲಿನ ಬಗ್ಗೆ ಒಂದಾದರೂ ಪೋಸ್ಟ್ ಹಾಕದವರು ಯಾರಿದ್ದಾರೆ ಹೇಳಿ? ನಾನೂ ಹಾಕಿದ್ದೆ. ಬಾರಿನ ಕೆಳಗೆ ಕಾಲು ತೂರಿಸಿ ಒಳಪೆಡಲು ತುಳಿದದ್ದು, ಡೈನಮೋ ಬೆಳಕಿನಲ್ಲಿ ಅಪ್ಪ ಸಂತೆಯಿಂದ ಬರುತ್ತಿದ್ದದ್ದು, ಕ್ಯಾರಿಯರ್ ಮೇಲೆ ಕೂತು ಅಪ್ಪನ ಅಂಗಿ ಹಿಡಿದುಕೊಳ್ಳುತ್ತಿದ್ದದ್ದು.. ಎಲ್ಲ ಬರೆದು, ಕೊನೆಗೆ ಹೊಸ ಪೇಂಟು ಹೊಡೆಸಿದ ಸೈಕಲ್ಲಿನ ಫೋಟೋ ಒಂದನ್ನು ಅಂಟಿಸಿ, ನಿಮ್ಮಿಂದೆಲ್ಲ "ಸೂಪರ್", "ಕಣ್ಣು ತೇವವಾಯಿತು" ಅಂತೆಲ್ಲ ಗಿಟ್ಟಿಸಿಕೊಂಡಿದ್ದೆ.

ಆ ಫೋಟೋದಲ್ಲಿ ಒಂದು ತಪ್ಪಿತ್ತು. ಸೀಟಿನ ಕೆಳಗಿನ ಕೊಳವೆ, ಅದೇ ನಾವು ಸೀಟ್ ಪಿಲ್ಲರ್ ಅನ್ನುತ್ತೇವಲ್ಲ, ಅದು ಫ್ರೇಮಿನಿಂದ 14 ಸೆಂ.ಮೀ. ಹೊರಗಿತ್ತು. ಒಳಗೆ ಎಷ್ಟಿದೆ ಅಂತ ನಿಮ್ಮಲ್ಲಿ ಯಾರೂ ಕೇಳಲಿಲ್ಲ. ನಾನೂ ಕೇಳಿಕೊಂಡಿರಲಿಲ್ಲ. ಆ ಕೇಳದೇ ಹೋದ ಪ್ರಶ್ನೆಗೆ ನನ್ನ ಚಿಕ್ಕಪ್ಪನ ಮಗ ತನ್ನ ಬಲಗೈ ಮಣಿಕಟ್ಟಿನಿಂದ ಉತ್ತರ ಕೊಟ್ಟ. ಹಾಗಾಗಿ ಇವತ್ತು ನೆನಪಿನ ಬುತ್ತಿ ಬಿಚ್ಚಲ್ಲ. ಸ್ವಲ್ಪ ಜಗಳ ಆಡೋಣ ಅಂತ ಬಂದಿದ್ದೇನೆ.

ಜಗಳ ಇಬ್ಬರ ಜೊತೆ. ಒಬ್ಬರು, "ಸೀಟಿನ ಮೇಲೆ ಕೂತರೆ ಎರಡೂ ಪಾದ ನೆಲಕ್ಕೆ ಊರಬೇಕು, ಅದೇ ಸೇಫ್ಟಿ" ಅನ್ನುವವರು. ಇನ್ನೊಬ್ಬರು, "ಹಳೇ ಕಬ್ಬಿಣ ರೀ, ಏನೂ ಆಗಲ್ಲ, ಎಷ್ಟು ಬೇಕಾದರೂ ಎಳೀರಿ" ಅನ್ನುವವರು. ಮೊದಲನೆಯವರು ಮೊಣಕಾಲು ಹಾಳು ಮಾಡುತ್ತಾರೆ, ಎರಡನೆಯವರು ಫ್ರೇಮು ಮುರಿಸುತ್ತಾರೆ. ನಾನು ಮೊದಲನೆಯವರ ಮಾತು ಕೇಳಿ ಕೆಟ್ಟೆ, ಆಮೇಲೆ ನಾನೇ ಎರಡನೆಯವನಾಗಿ ಇನ್ನೊಬ್ಬನನ್ನು ಕೆಡಿಸಿದೆ.

*

ಆದದ್ದು ಇಷ್ಟು. ಅಪ್ಪ ಸಾಗರದ ಹತ್ತಿರದ ಹಳ್ಳಿ ಶಾಲೆಯೊಂದರಲ್ಲಿ ಮೇಷ್ಟ್ರು. ಎತ್ತರ ಐದಡಿ ಮೂರಿಂಚು. 1986ರಲ್ಲಿ ಕೊಂಡ ಸೈಕಲ್ಲು, 20 ಇಂಚಿನ ಫ್ರೇಮು. ರಿಟೈರ್ ಆದಮೇಲೆ ಅದು ಕೊಟ್ಟಿಗೆ ಸೇರಿತ್ತು. ನಾನು ಅದನ್ನು ಅಡಿಕೆ ಲಾರಿಯಲ್ಲಿ ಹಾಕಿಸಿಕೊಂಡು ಬೆಂಗಳೂರಿಗೆ ತಂದೆ. ನನ್ನ ಎತ್ತರ ಐದು ಅಡಿ ಹತ್ತು ಇಂಚು.

ಬಣ್ಣ, ಟೈರು, ಬ್ರೇಕ್ ರಬ್ಬರ್ ಎಲ್ಲ ಒಂದು ಸೈಕಲ್ ಶಾಪಿನಲ್ಲಿ ಮಾಡಿಸಿದೆ. ಸೀಟು ಸ್ವಲ್ಪ ಎತ್ತರ ಮಾಡಿ ಅಂದರೆ ಶಾಪಿನವರು ಸುತ್ತಿಗೆ ತಗೊಂಡು ಇನ್ನೂ ಕೆಳಗೇ ಕುಟ್ಟಿದರು. "ನೋಡಿ ಸಾರ್, ಕೂತ್ಕೊಳ್ಳಿ, ಎರಡೂ ಕಾಲು ನೀಟಾಗಿ ನೆಲಕ್ಕೆ ಬಂತಾ? ಇದೇ ಕರೆಕ್ಟ್ ಹೈಟು. ಟ್ರಾಫಿಕ್ ಅಲ್ವಾ?" ನಾನೂ ತಲೆಯಾಡಿಸಿದೆ. ಮೂರು ವಾರ ಆಫೀಸಿಗೆ ತುಳಿದೆ. ಎರಡೂ ಮೊಣಕಾಲಿನ ಮುಂಭಾಗ, ಚಿಪ್ಪಿನ ಸುತ್ತ, ಮೆಟ್ಟಿಲಿಳಿಯುವಾಗ ನೋವು ಶುರುವಾಯಿತು. ಕೂತು ಕೂತು ಜಡ್ಡುಗಟ್ಟಿದ ದೇಹ, ವ್ಯಾಯಾಮ ಅಭ್ಯಾಸವಿಲ್ಲ ಅಂತ ನನ್ನನ್ನೇ ಬೈದುಕೊಂಡೆ.

ತಪ್ಪು ದೇಹದ್ದಲ್ಲ, ಸೀಟಿನದ್ದು. ಇದಕ್ಕೆ ದೊಡ್ಡ ವಿಜ್ಞಾನವೂ ಬೇಡ. ನಮ್ಮ ರೋಡ್‌ಸ್ಟರ್ ಸೈಕಲ್ಲುಗಳಲ್ಲಿ ಪೆಡಲು ತೀರಾ ಕೆಳಗೆ ಬಂದಾಗ ನೆಲದಿಂದ ಎಷ್ಟು ಮೇಲಿರುತ್ತದೆ, ಸ್ಕೇಲು ಹಿಡಿದು ನೋಡಿ. ಸುಮಾರು 12-13 ಸೆಂ.ಮೀ., ಅಂದರೆ ಐದಿಂಚು. ಸೀಟಿನ ಮೇಲೆ ಕೂತಾಗ ನಿಮ್ಮ ಪಾದ ನೆಲಕ್ಕೆ ಪೂರ್ತಿ ಊರುತ್ತದೆ ಅಂದರೆ ಕಾಲು ನೆಲದವರೆಗೂ ಚಾಚಿದೆ ಅಂತ ಅರ್ಥ. ಆದರೆ ಪೆಡಲು ನೆಲದವರೆಗೆ ಹೋಗುವುದೇ ಇಲ್ಲ! ಐದಿಂಚು ಮೇಲೇ ನಿಲ್ಲುತ್ತದೆ. ಅಂದಮೇಲೆ ಪ್ರತಿ ಸುತ್ತಿನಲ್ಲೂ, ಕಾಲು ಅತಿ ಹೆಚ್ಚು ಚಾಚಬೇಕಾದ ಜಾಗದಲ್ಲೇ, ಮೊಣಕಾಲು ಆ ಐದಿಂಚಿನಷ್ಟು ಮಡಚಿಕೊಂಡೇ ಇರುತ್ತದೆ. ಪೆಡಲು ಮೇಲೆ ಬಂದಾಗಲಂತೂ ಮಂಡಿ ಎದೆಗೇ ಬರುತ್ತದೆ. ಮಡಚಿದ ಮೊಣಕಾಲಿನಿಂದ ಒತ್ತಡ ಹಾಕಿ ತುಳಿದಷ್ಟೂ ಮಂಡಿಚಿಪ್ಪು ತೊಡೆಮೂಳೆಗೆ ಒತ್ತಿಕೊಳ್ಳುತ್ತದೆ. ನಿಮಿಷಕ್ಕೆ ಅರವತ್ತು ಸುತ್ತು ಅಂತ ಇಟ್ಟುಕೊಳ್ಳಿ, ಅರ್ಧ ಗಂಟೆಗೆ ಎಷ್ಟಾಯಿತು? ಪ್ರತಿ ಕಾಲಿಗೆ 1800 ಸಲ. ಅರ್ಧ ಕುಕ್ಕುರುಗಾಲಲ್ಲಿ 1800 ಬಸ್ಕಿ ಹೊಡೆದ ಹಾಗೆ.

"ಎರಡೂ ಕಾಲು ನೆಲಕ್ಕೆ" ಅನ್ನುವುದು ಸೈಕಲ್ ಕಲಿಯುವಾಗಿನ ನಿಯಮ. ಕಲಿಯುವ ಮಗುವಿಗೆ ಅದು ಸರಿ. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಶೆಲ್ಡನ್ ಬ್ರೌನ್ ಅಂತ ಒಬ್ಬ ಸೈಕಲ್ ಮೆಕ್ಯಾನಿಕ್ ಇದ್ದರು, 2008ರಲ್ಲಿ ತೀರಿಕೊಂಡರು. ಹಳೇ ಸ್ಟೀಲ್ ಸೈಕಲ್ಲುಗಳ ವಿಷಯದಲ್ಲಿ ಅವರು ಬರೆದಿಟ್ಟದ್ದು ಒಂದು ವಿಶ್ವಕೋಶದಷ್ಟಿದೆ. ಅವರು ಹೇಳುತ್ತಿದ್ದದ್ದೂ ಇದೇ: ಚಿಕ್ಕಂದಿನಲ್ಲಿ ನೆಲಕ್ಕೆ ಕಾಲು ಕೊಟ್ಟು ಕಲಿತ ಅಭ್ಯಾಸವನ್ನು ದೊಡ್ಡವರಾದಮೇಲೂ ಬಿಡದೇ ಇರುವುದರಿಂದಲೇ ಹೆಚ್ಚಿನವರ ಸೀಟು ಕೆಳಗಿರುತ್ತದೆ ಅಂತ. ನಾವೋ, ಆ ಅಭ್ಯಾಸಕ್ಕೆ "ಸೇಫ್ಟಿ" ಅಂತ ಹೆಸರು ಕೊಟ್ಟು ಪೀಠದ ಮೇಲೆ ಕೂರಿಸಿದ್ದೇವೆ.

"ಹಾಗಾದರೆ ಸಿಗ್ನಲ್ಲಿನಲ್ಲಿ ನಿಲ್ಲುವುದು ಹೇಗಪ್ಪಾ?" ಅಂತೀರಿ. ನ್ಯಾಯವಾದ ಪ್ರಶ್ನೆ. ನಿಲ್ಲುವಾಗ ಸೀಟಿನ ಮೇಲೆ ಕೂತೇ ಇರಬೇಕು ಅಂತ ಯಾರು ಹೇಳಿದರು? ವೇಗ ಕಡಿಮೆ ಮಾಡುತ್ತಾ ಒಂದು ಪೆಡಲನ್ನು ಕೆಳಗೆ ತನ್ನಿ, ಅದರ ಮೇಲೆ ಭಾರ ಹಾಕಿ ಎದ್ದು, ಸೀಟಿನ ಮುಂದಕ್ಕೆ ಜಾರಿ, ಇನ್ನೊಂದು ಕಾಲನ್ನು ನೆಲಕ್ಕೆ ಕೊಡಿ. ಹೊರಡುವಾಗ ಪೆಡಲು ಸ್ವಲ್ಪ ಮುಂದೆ ಮೇಲಿರಲಿ, ಅದನ್ನು ಮೆಟ್ಟುತ್ತಲೇ ಸೀಟಿಗೆ ಏರಿ. ಮನೆ ಮುಂದೆ ಹತ್ತು ಸಲ ಮಾಡಿದರೆ ಬರುತ್ತದೆ.

ಇದಕ್ಕೆ ಹೊರತಾದವರು ಇದ್ದಾರೆ, ಒಪ್ಪುತ್ತೇನೆ. ಹಿಂದೆ ಮುಂದೆ ಹಾಲಿನ ಕ್ಯಾನು ನೇತುಹಾಕಿಕೊಂಡು ಮನೆಮನೆಗೆ ನಿಲ್ಲಿಸುವವರು, ಹೊಸದಾಗಿ ಕಲಿಯುವವರು, ಸಮತೋಲನದ ತೊಂದರೆಯಿರುವ ಹಿರಿಯರು ಸೀಟು ತಗ್ಗಿಸಿಕೊಳ್ಳಲಿ. ಅವರು ಮಂಡಿಯ ಸುಖ ಕೊಟ್ಟು ಬೀಳದ ಭದ್ರತೆ ಕೊಂಡುಕೊಳ್ಳುತ್ತಿದ್ದಾರೆ, ಅದು ತಿಳಿದು ಮಾಡುವ ವ್ಯಾಪಾರ. ಆದರೆ ಖಾಲಿ ಸೈಕಲ್ಲಿನಲ್ಲಿ ಹತ್ತು ಕಿಲೋಮೀಟರ್ ತುಳಿಯುವ ನನಗೂ ನಿಮಗೂ ಅದೇ ವ್ಯಾಪಾರ ಯಾಕೆ?

*

ಈಗ ನನ್ನ ಪಾಪದ ಕಥೆ.

ಮಂಡಿನೋವು ಬಂದಮೇಲೆ ನಮ್ಮ ಜಾತಿಯವರು (ಸಾಫ್ಟ್‌ವೇರ್ ಜಾತಿ) ಏನು ಮಾಡುತ್ತಾರೋ ಅದನ್ನೇ ಮಾಡಿದೆ. ಸೂತ್ರ ಹುಡುಕಿದೆ. ಸೂತ್ರಗಳಿಗೇನು ಬರವೇ? 1967ರಲ್ಲಿ ಹ್ಯಾಮ್ಲಿ ಮತ್ತು ಥಾಮಸ್ ಎಂಬುವರು ಹೇಳಿದ್ದು: ಕೆಳಗಿರುವ ಪೆಡಲಿನಿಂದ ಸೀಟಿನ ಮೇಲ್ಭಾಗಕ್ಕೆ, ತೊಡೆಸಂದಿಯಿಂದ ನೆಲದವರೆಗಿನ ಕಾಲಳತೆಯ ಶೇ. 109ರಷ್ಟು ಇರಬೇಕು. ಟೂರ್ ಡಿ ಫ್ರಾನ್ಸನ್ನು ಮೂರು ಸಲ ಗೆದ್ದ ಗ್ರೆಗ್ ಲೆಮಾಂಡ್ ಹೆಸರಿನಲ್ಲಿ ಪ್ರಸಿದ್ಧವಾದದ್ದು: ಅದೇ ಕಾಲಳತೆಯನ್ನು 0.883ರಿಂದ ಗುಣಿಸಿ, ಪೆಡಲು ತಿರುಗುವ ನಡುಗುಂಬದಿಂದ ಸೀಟಿನ ಮೇಲ್ಭಾಗದವರೆಗೆ ಅಷ್ಟು. ನನ್ನ ಕಾಲಳತೆ 82 ಸೆಂ.ಮೀ. 0.883 ಇಂಟು 82, ಅಂದರೆ 72.4. ಅದರಲ್ಲಿ ಫ್ರೇಮಿನ 20 ಇಂಚು, ಅಂದರೆ 51 ಸೆಂ.ಮೀ. ಕಳೆದರೆ ಉಳಿದದ್ದು 21.4. ಸ್ಪ್ರಿಂಗ್ ಸೀಟಿನ ದಪ್ಪವೇ ಸುಮಾರು 7. ಹಾಗಾಗಿ ಪಿಲ್ಲರ್ 14 ಸೆಂ.ಮೀ. ಹೊರಗೆ ಬರಬೇಕು. ಪಾನಾ ತಗೊಂಡೆ, ಬೋಲ್ಟು ಸಡಿಲಿಸಿದೆ, ಎಳೆದೆ, ಬಿಗಿದೆ. ಆಹಾ! ಎರಡು ವಾರದಲ್ಲಿ ಮಂಡಿನೋವು ಮಾಯ. ಫೋಟೋ ತೆಗೆದೆ, ಬ್ಲಾಗಿಗೆ ಹಾಕಿದೆ.

ಸೂತ್ರ ಸುಳ್ಳು ಹೇಳಲಿಲ್ಲ. ಆದರೆ ಸೂತ್ರಕ್ಕೆ ನನ್ನ ಕಾಲು ಮಾತ್ರ ಗೊತ್ತು, ನನ್ನ ಕೊಳವೆ ಗೊತ್ತಿಲ್ಲ. ನಾನು ದಿನಾ ಆಫೀಸಿನಲ್ಲಿ ಹುಡುಗರಿಗೆ "ಬೌಂಡರಿ ಕಂಡೀಶನ್ ಚೆಕ್ ಮಾಡಿದ್ರಾ?" ಅಂತ ಗದರುವವನು, ಪಿಲ್ಲರನ್ನು ಒಮ್ಮೆ ಪೂರ್ತಿ ಹೊರಗೆ ಎಳೆದು ಅದರ ಉದ್ದ ಎಷ್ಟು ಅಂತ ನೋಡಲಿಲ್ಲ.

ಒಂದು ಭಾನುವಾರ ಚಿಕ್ಕಪ್ಪನ ಮಗ ಬಂದ. ನನಗಿಂತ ಎತ್ತರ, ಆರಡಿ ಮೇಲಿದ್ದಾನೆ. ದೊಡ್ಡಪ್ಪನ ಸೈಕಲ್ಲು ನೋಡಿ ಖುಷಿಯಾಗಿ ಒಂದು ರೌಂಡು ಹೋಗಿಬರುತ್ತೇನೆ ಅಂದ. ಹತ್ತಿ ಕೂತವನು, "ಅಣ್ಣ, ಇನ್ನೊಂಚೂರು ಎತ್ತು, ಮಂಡಿ ಹ್ಯಾಂಡಲಿಗೆ ಬಡೀತಿದೆ" ಅಂದ. ನಾನೇ ಎತ್ತಿಕೊಟ್ಟೆ. ಮೂರು ಸೆಂ.ಮೀ. "ಹಳೇ ಕಾಲದ ಸ್ಟೀಲು ಕಣೋ, ಈಗಿನ ಮಾಲಿನ ಥರ ಅಲ್ಲ" ಅಂತ ಡೈಲಾಗ್ ಬೇರೆ.

ಮುಖ್ಯರಸ್ತೆಯ ಒಂದು ಗುಂಡಿಗೆ ಹಿಂದಿನ ಚಕ್ರ ಇಳಿದಾಗ ಸೀಟು ಹಿಂದಕ್ಕೆ ಮುರಿದು ಬಿತ್ತು. ಅವನು ಕ್ಯಾರಿಯರ್ ಮೇಲೆ ಕುಕ್ಕರಿಸಿ, ಪಕ್ಕಕ್ಕೆ ವಾಲಿ, ಕೈ ಊರಿ ಬಿದ್ದ. ಹಿಂದೆ ಬರುತ್ತಿದ್ದ ಆಟೋದವರು ಬ್ರೇಕ್ ಹಾಕಿದರು. ಅದೊಂದು ಪುಣ್ಯ. ಮಣಿಕಟ್ಟಿನ ಮೂಳೆ ಮುರಿದು ಆರು ವಾರ ಪ್ಲಾಸ್ಟರು. ಬಲಗೈ. ಸೆಮಿಸ್ಟರ್ ಪರೀಕ್ಷೆಯನ್ನು ಬೇರೆಯವರ ಕೈಯಲ್ಲಿ ಬರೆಸಿದ. ಚಿಕ್ಕಮ್ಮ ನನಗೆ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

*

ಸಂಜೆ ಸೈಕಲ್ಲನ್ನು ಮನೆಗೆ ತಳ್ಳಿಕೊಂಡು ಬಂದು, ಮೊದಲ ಸಲ ಪಿಲ್ಲರನ್ನು ಪೂರ್ತಿ ಹೊರಗೆ ತೆಗೆದೆ. ಅದರ ಒಟ್ಟು ಉದ್ದ 20 ಸೆಂ.ಮೀ.! ಹೊರಗಿದ್ದದ್ದು 17. ಒಳಗಿದ್ದದ್ದು 3. ನಾನು ದಿನಾ ಓಡಿಸುತ್ತಿದ್ದಾಗಲೂ ಒಳಗಿದ್ದದ್ದು ಬರೀ 6.

ಇನ್ನೊಂದು ವಿಚಿತ್ರವೂ ಕಂಡಿತು. ಪಿಲ್ಲರಿಗೆ ಒಂದು ತಗಡಿನ ಪಟ್ಟಿ ಸುತ್ತಿದ್ದರು. ಫ್ರೇಮಿನ ಕೊಳವೆಗೆ ಬೇಕಾದದ್ದು 25.4 ಮಿ.ಮೀ., ಅಂದರೆ ಸರಿಯಾಗಿ ಒಂದಿಂಚಿನ ಪಿಲ್ಲರ್. ವರ್ನಿಯರ್ ಹಿಡಿದು ನೋಡಿದರೆ ಇದ್ದದ್ದು 25.0. ಯಾವಾಗಲೋ ಯಾರೋ ಬದಲಾಯಿಸಿ, ಲೂಸಾಗಿದ್ದಕ್ಕೆ ತಗಡು ತುರುಕಿ, ಬೋಲ್ಟನ್ನು ಜೀವ ಹೋಗುವಂತೆ ಬಿಗಿದಿದ್ದಾರೆ. 0.4 ಮಿ.ಮೀ. ಅಲ್ಲವೇ, ಏನು ಮಹಾ ಅನ್ನಬೇಡಿ. ಸೀಟ್ ಪಿಲ್ಲರ್‌ಗಳನ್ನು 0.2 ಮಿ.ಮೀ. ವ್ಯತ್ಯಾಸದ ಬೇರೆ ಬೇರೆ ಅಳತೆಗಳಲ್ಲಿ ಮಾಡುವುದು ತಮಾಷೆಗಲ್ಲ. ಸಣ್ಣ ಪಿಲ್ಲರನ್ನು ಹಿಡಿಯಬೇಕಾದರೆ ಫ್ರೇಮಿನ ಎರಡು ಕಿವಿಗಳು, ಬೋಲ್ಟು ತೂರುವ ಆ ಎರಡು ಚಾಚುಗಳು, ಒಂದಕ್ಕೊಂದು ಅಂಟುವಷ್ಟು ಬಾಗಬೇಕು. ಬಾಗಿದಾಗ ಪಿಲ್ಲರಿಗೆ ಕೊಳವೆಯ ಸುತ್ತ ಎಲ್ಲ ಕಡೆ ಆಸರೆ ಸಿಗುವುದಿಲ್ಲ, ಬಾಯಿಯ ಅಂಚಿನಲ್ಲಿ ಮಾತ್ರ ಕಚ್ಚಿಕೊಂಡಿರುತ್ತದೆ. ಪ್ರತಿ ಗುಂಡಿಗೂ ಒಳಗೇ ಅಲ್ಲಾಡುತ್ತದೆ.

ಈಗ ಆ 3 ಸೆಂ.ಮೀ. ಏನು ಮಾಡಿತು ಅಂತ ಒಂದು ಅಂದಾಜು ಲೆಕ್ಕ. ಎಂಜಿನಿಯರಿಂಗ್ ಮೊದಲ ವರ್ಷದಲ್ಲಿ ಕಲಿತು ಮರೆತದ್ದು, ಇಷ್ಟು ವರ್ಷದ ಮೇಲೆ ಉಪಯೋಗಕ್ಕೆ ಬಂತು (ಬರಬಾರದಿತ್ತು). ರೋಡ್‌ಸ್ಟರ್‌ನ ಸೀಟಿನ ಕೊಳವೆ ನೇರವಾಗಿ ನಿಂತಿರುವುದಿಲ್ಲ, ನೆಲಕ್ಕೆ ಸುಮಾರು 68 ಡಿಗ್ರಿಯಲ್ಲಿ ಹಿಂದಕ್ಕೆ ವಾಲಿರುತ್ತದೆ. ಹಾಗಾಗಿ ಸೀಟಿನ ಮೇಲೆ 70 ಕೆ.ಜಿ. ಕೂತರೆ, ಅದರಲ್ಲಿ ಸುಮಾರು 26 ಕೆ.ಜಿ.ಯಷ್ಟು ಭಾರ ಪಿಲ್ಲರನ್ನು ಹಿಂದಕ್ಕೆ ಬಗ್ಗಿಸಲು ಎಳೆಯುತ್ತದೆ. ಪಿಲ್ಲರ್ 17, ಸೀಟು 7, ಒಟ್ಟು 24 ಸೆಂ.ಮೀ. ಉದ್ದದ ಹಾರೆ. ಹಾರೆಯ ಈ ತುದಿಯಲ್ಲಿ 26 ಕೆ.ಜಿ. ಹಾಕಿದರೆ, ಒಳಗಿನ ತುದಿ ಕೊಳವೆಯ ಗೋಡೆಯನ್ನು ಎಷ್ಟು ಜೋರಾಗಿ ಒತ್ತುತ್ತದೆ?

ಒಳಗೆ 16 ಸೆಂ.ಮೀ. ಇದ್ದರೆ: 39 ಕೆ.ಜಿ.
ಒಳಗೆ 8 ಸೆಂ.ಮೀ. ಇದ್ದರೆ: 78 ಕೆ.ಜಿ.
ಒಳಗೆ 3 ಸೆಂ.ಮೀ. ಇದ್ದರೆ: 208 ಕೆ.ಜಿ.

ಅದೇ ಮನುಷ್ಯ, ಅದೇ ಎತ್ತರ, ಅದೇ ಸೈಕಲ್ಲು. ಒಳಗಿನ ಆಳ ಮಾತ್ರ ಬೇರೆ. ಇದು ಸುಮ್ಮನೆ ಕೂತಾಗಿನ ಮಾತು, ಗುಂಡಿಗೆ ಇಳಿದಾಗ ಇದು ಎಷ್ಟು ಪಟ್ಟು ಅನ್ನುವುದನ್ನು ನಮ್ಮ ರಸ್ತೆಗಳನ್ನು ನೋಡಿ ನೀವೇ ಊಹಿಸಿ. ಹಿಂಭಾಗದಲ್ಲಿ ಸೀಳಿರುವ, ತುದಿ ಸಣ್ಣಗಿರುವ ಒಂದು ಕೊಳವೆಯ ಬಾಯಿಗೆ ಈ ಹೊಡೆತ. ಸೀಳಿನ ಬುಡದಿಂದ ಬಿರುಕು ಹೊರಟು, ಕೊಳವೆಗಳು ಸೇರುವ ಜೋಡಣೆಯ (ಲಗ್ ಅನ್ನುತ್ತಾರೆ) ಅಂಚಿನಲ್ಲೇ ಸುತ್ತು ಹಾಕಿತ್ತು. ಬಿರುಕಿನ ಅರ್ಧ ಭಾಗ ಹೊಳೆಯುತ್ತಿತ್ತು, ಇನ್ನರ್ಧ ಕಂದು ಬಣ್ಣಕ್ಕೆ ತಿರುಗಿತ್ತು. ಕಂದು ಅಂದರೆ ತುಕ್ಕು. ತುಕ್ಕು ಹಿಡಿಯಲು ಸಮಯ ಬೇಕು. ಅಂದರೆ ಆ ಬಿರುಕು ಆ ಭಾನುವಾರದ್ದಲ್ಲ, ನಾನು 6 ಸೆಂ.ಮೀ. ಮೇಲೆ ಓಡಿಸುತ್ತಿದ್ದಾಗಲೇ ಶುರುವಾಗಿತ್ತು. ಹೊಸ ಪೇಂಟಿನಲ್ಲಿ ಕೂದಲಿನಂಥ ಒಂದು ಗೆರೆ ಇದ್ದದ್ದು ಈಗ ಹಳೇ ಫೋಟೋ ದೊಡ್ಡದು ಮಾಡಿ ನೋಡಿದರೆ ಕಾಣುತ್ತದೆ. ನಿಮಗೆಲ್ಲ ತೋರಿಸಿದ ಅದೇ ಫೋಟೋ.

*

"ನಮ್ಮಜ್ಜ ನಲವತ್ತು ವರ್ಷ ತುಳಿದರು, ಏನೂ ಆಗಲಿಲ್ಲ" ಅನ್ನುವ ಮಾತು ಕಾಮೆಂಟಿನಲ್ಲಿ ಬಂದೇ ಬರುತ್ತದೆ. ಅದಕ್ಕೆ ಮೊದಲೇ ಉತ್ತರ ಕೊಟ್ಟುಬಿಡುತ್ತೇನೆ.

ನಿಮ್ಮಜ್ಜ ಸೀಟು ಎತ್ತರಿಸಲೇ ಇಲ್ಲ ಸ್ವಾಮಿ. ಆ ಕಾಲದಲ್ಲಿ ಎತ್ತರ ಬರುತ್ತಿದ್ದದ್ದು ಫ್ರೇಮಿನಿಂದ. 20, 22, 24 ಇಂಚಿನ ಫ್ರೇಮುಗಳಿದ್ದವು, ಆಳು ನೋಡಿ ಫ್ರೇಮು ಕೊಡುತ್ತಿದ್ದರು. ಅಸನ್ಸೋಲಿನ ಸೆನ್-ರ‍್ಯಾಲೆ ಇರಲಿ, 1949ರಲ್ಲಿ ಶುರುವಾದ ಮದ್ರಾಸಿನ ಟಿ.ಐ. ಸೈಕಲ್ಸ್ ಇರಲಿ, 1951ರ ಸೋನಿಪತ್ತಿನ ಅಟ್ಲಾಸ್ ಇರಲಿ, 1956ರ ಲುಧಿಯಾನದ ಹೀರೋ ಇರಲಿ, ಆ ಇಂಗ್ಲಿಷ್ ಮಾದರಿಯ ರೋಡ್‌ಸ್ಟರ್‌ನಲ್ಲಿ ಪಿಲ್ಲರ್ ಇದ್ದದ್ದು ಅಷ್ಟಿಷ್ಟು ಹೊಂದಿಸಿಕೊಳ್ಳಲು ಮಾತ್ರ. ಅದಕ್ಕೇ ಆ ಪಿಲ್ಲರ್‌ಗಳು ಗಿಡ್ಡ. ಹೊರಗೆ ನಾಲ್ಕು ಬೆರಳು, ಮಿಕ್ಕದ್ದೆಲ್ಲ ಒಳಗೆ. ಐದಡಿ ಮೂರಿಂಚಿನ ಅಪ್ಪನಿಗೆ ಕೊಟ್ಟ ಫ್ರೇಮು ಐದಡಿ ಹತ್ತಿಂಚಿನ ಮಗನ ಕೈಗೆ, ಆರಡಿಯ ತಮ್ಮನ ಕೈಗೆ ಬಂದಾಗ ತೊಂದರೆ ಶುರು. ಅಪ್ಪನ ಸೈಕಲ್ಲು ಗಟ್ಟಿಯಾಗಿಯೇ ಇತ್ತು. ಆದರೆ ಅದನ್ನು ಮಾಡಿದ್ದು ಅಪ್ಪನಿಗೆ.

"ಸ್ಟೀಲು ಗಟ್ಟಿ" ಅನ್ನುವುದೂ ಅರ್ಧಸತ್ಯ. ಸ್ಟೀಲಿನ ಒಳ್ಳೇತನ ಅಂದರೆ ಅದು ಸಾಮಾನ್ಯವಾಗಿ ಮುರಿಯುವ ಮೊದಲು ಹೇಳುತ್ತದೆ. ಕಿರ್ ಅನ್ನುತ್ತದೆ, ಪೇಂಟಿನಲ್ಲಿ ಗೆರೆ ತೋರಿಸುತ್ತದೆ, ತುಕ್ಕಿನ ದಾರ ಬಿಡುತ್ತದೆ. ಕೇಳಿಸಿಕೊಳ್ಳುವವರಿಗೆ ಅದು ಗಟ್ಟಿ, ನನ್ನಂಥವರಿಗೆ ಅಲ್ಲ.

ಮಿತಿ ಎಷ್ಟು ಅನ್ನುವುದು ಯಾರೂ ಗುಟ್ಟಾಗಿ ಇಟ್ಟ ವಿಷಯವೂ ಅಲ್ಲ. ಐ.ಎಸ್.ಓ. 4210 ಅನ್ನುವ ಸೈಕಲ್ ಸುರಕ್ಷತೆಯ ಅಂತರರಾಷ್ಟ್ರೀಯ ಮಾನದಂಡದಲ್ಲಿ ಇದೆ: ಪಿಲ್ಲರ್ ಮೇಲೆ ಅಳಿಸಲಾಗದ ಒಂದು ಗೆರೆ ಇರಬೇಕು, ಅದು ಪಿಲ್ಲರಿನ ತಳದಿಂದ ಅದರ ದಪ್ಪದ ಎರಡು ಪಟ್ಟಿಗಿಂತ ಕಡಿಮೆ ದೂರದಲ್ಲಿ ಇರಬಾರದು. ಈಗಿನ ಪಿಲ್ಲರ್‌ಗಳಲ್ಲಿ ಆ ಗೆರೆ ಕಾಣುತ್ತದೆ, ಅದು ಫ್ರೇಮಿನೊಳಗೆ ಮುಳುಗಿರಬೇಕು. ಅಪ್ಪನ ಪಿಲ್ಲರಿನಲ್ಲಿ ಯಾವ ಗೆರೆಯೂ ಇರಲಿಲ್ಲ. ಗೆರೆಯಿಲ್ಲ ಅಂದರೆ ಮಿತಿಯಿಲ್ಲ ಅಂತಲ್ಲ, ಗೆರೆ ಎಳೆಯುವ ಕೆಲಸ ನಿಮ್ಮದು ಅಂತ.

*

ಸರಿ, ಬೈದದ್ದು ಸಾಕು. ನಿಮ್ಮ ಮನೆಯ ಹಳೇ ಸೈಕಲ್ಲನ್ನು ಹೊರಗೆ ತನ್ನಿ. ಒಂದು ಪಾನಾ, ಒಂದು ಟೇಪು, ಒಂದಿಷ್ಟು ಗ್ರೀಸು, ಹಳೇ ಬಟ್ಟೆ, ಮತ್ತು ಹೆಂಡತಿಯದ್ದೋ ತಂಗಿಯದ್ದೋ ನೇಲ್ ಪಾಲಿಶ್. ಇಷ್ಟು ಸಾಕು.

1. ಮೊದಲು ಕಣ್ಣು. ಸೀಟಿನ ಬೋಲ್ಟಿನ ಹಿಂದಿನ ಸೀಳು, ಅದರ ಬುಡ, ಲಗ್ಗಿನ ಅಂಚು, ಇಲ್ಲೆಲ್ಲ ಒರೆಸಿ ನೋಡಿ. ಕೂದಲೆಳೆಯ ಗೆರೆ, ತುಕ್ಕಿನ ಗೆರೆ, ಉಬ್ಬು ಏನಾದರೂ ಕಂಡರೆ ಅಲ್ಲಿಗೇ ನಿಲ್ಲಿಸಿ. ಆ ಸೈಕಲ್ಲು ಹತ್ತಬೇಡಿ. ಎರಡು ಕಿವಿಗಳು ಸಮಾನಾಂತರವಾಗಿದ್ದು, ನಡುವೆ ಸಂದು ಇರಬೇಕು. ಅಂಟಿಕೊಂಡಿದ್ದರೆ ಪಿಲ್ಲರ್ ಸಣ್ಣದು ಅಂತ ತಿಳಿಯಿರಿ.

2. ಬೋಲ್ಟು ಸಡಿಲಿಸಿ ಪಿಲ್ಲರನ್ನು ಪೂರ್ತಿ ಹೊರಗೆ ತೆಗೆಯಿರಿ. ಕೆಲವು ಹಳೇ ರೋಡ್‌ಸ್ಟರ್‌ಗಳಲ್ಲಿ ಹಿಂದಿನ ಚಕ್ರಕ್ಕೆ ಇಳಿಯುವ ಎರಡು ಕಡ್ಡಿಕೊಳವೆಗಳನ್ನೂ ಇದೇ ಬೋಲ್ಟು ಹಿಡಿದಿರುತ್ತದೆ. ಅಂಥದ್ದಾದರೆ ನಟ್ಟು ಸಡಿಲಿಸಿದರೆ ಸಾಕು, ಬೋಲ್ಟನ್ನೇ ಎಳೆದು ತೆಗೆಯಬೇಡಿ. ಪಿಲ್ಲರ್ ಬರುತ್ತಿಲ್ಲವೇ? ತುಕ್ಕು ಸಡಿಲಿಸುವ ಎಣ್ಣೆ ಬಿಟ್ಟು ರಾತ್ರಿಯಿಡೀ ಬಿಡಿ, ಮರುದಿನ ಮತ್ತೆ ಬಿಡಿ, ಸೀಟು ಹಿಡಿದು ಎಡಬಲ ಮೆಲ್ಲಗೆ ತಿರುಗಿಸಿ. ಪಕ್ಕದಿಂದ ಸುತ್ತಿಗೆ ಏಟು ಬೇಡ, ಉದ್ದ ಪೈಪು ಹಾಕಿ ತಿರುಚುವುದೂ ಬೇಡ. ಪಿಲ್ಲರಿನ ಬದಲು ಫ್ರೇಮೇ ತಿರುಚಿಕೊಂಡೀತು. ಅಲ್ಯೂಮಿನಿಯಂ ಪಿಲ್ಲರ್ ಸ್ಟೀಲ್ ಫ್ರೇಮಿನಲ್ಲಿ ವರ್ಷಗಟ್ಟಲೆ ಕೂತಿದ್ದರೆ ಇನ್ನೂ ಕಷ್ಟ. ಎರಡು ಲೋಹ, ನಡುವೆ ಮಳೆನೀರು, ಕಚ್ಚಿಕೊಂಡುಬಿಟ್ಟಿರುತ್ತದೆ. ಸಹನೆ ಬೇಕು.

3. ಅಳೆಯಿರಿ. ಎರಡು ಅಳತೆ. ಒಂದು, ಪಿಲ್ಲರಿನ ದಪ್ಪದ ಎರಡರಷ್ಟು. ಒಂದಿಂಚಿನ ಪಿಲ್ಲರಿಗೆ ಸುಮಾರು 5 ಸೆಂ.ಮೀ. ಇನ್ನೊಂದು, ಫ್ರೇಮಿನ ಬಾಯಿಯಿಂದ ಅಡ್ಡ ಬಾರು ಬಂದು ಸೇರುವ ಜೋಡಣೆಯ ಕೆಳ ಅಂಚಿನವರೆಗೆ ಎಷ್ಟಿದೆ ನೋಡಿ, ಅದಕ್ಕೆ 2 ಸೆಂ.ಮೀ. ಸೇರಿಸಿ. ಪಿಲ್ಲರಿನ ತುದಿ ಆ ಜೋಡಣೆಯನ್ನು ದಾಟಿ ಕೆಳಗೆ ಇಳಿದಿರಬೇಕು, ಆಗ ಭಾರ ಮೂರು ಕೊಳವೆಗಳಿಗೂ ಹಂಚಿಹೋಗುತ್ತದೆ. ಈ ಎರಡರಲ್ಲಿ ಯಾವುದು ದೊಡ್ಡದೋ ಅದು ನಿಮ್ಮ ಮಿತಿ. ಅಪ್ಪನ ಫ್ರೇಮಿನಲ್ಲಿ ಎರಡನೆಯ ಅಳತೆ 6, ಕೂಡಿಸು 2, ಅಂದರೆ 8. ನನ್ನ ಹತ್ತಿರ ಇದ್ದದ್ದು 6. ಮೊದಲನೇ ನಿಯಮದಲ್ಲಿ ಪಾಸು, ಎರಡನೆಯದರಲ್ಲಿ ಫೇಲು.

4. ಪಿಲ್ಲರಿನ ತಳದಿಂದ ಅಷ್ಟು ಅಳೆದು ನೇಲ್ ಪಾಲಿಶಿನಲ್ಲಿ ಸುತ್ತ ಗೆರೆ ಹಾಕಿ. ಅರದಿಂದ ಉಜ್ಜಿ ಗೀರು ಹಾಕುವುದು, ಉಳಿಯಲ್ಲಿ ಗುರುತು ಹೊಡೆಯುವುದು ಬೇಡ. ಗೀರು ಬಿದ್ದ ಜಾಗದಿಂದಲೇ ಲೋಹ ಬಿರುಕು ಬಿಡಲು ಶುರು ಮಾಡುತ್ತದೆ.

5. ಕೊಳವೆಯ ಒಳಗನ್ನು ಬಟ್ಟೆಯಿಂದ ಒರೆಸಿ, ಪಿಲ್ಲರಿಗೆ ತೆಳ್ಳಗೆ ಗ್ರೀಸು ಸವರಿ ಹಾಕಿ. ಗ್ರೀಸು ಹಾಕಿದರೆ ಜಾರುತ್ತದೆ ಅಂತ ಹೆದರಬೇಡಿ. ಸರಿ ಅಳತೆಯ ಪಿಲ್ಲರ್ ಜಾರುವುದಿಲ್ಲ. ಜಾರಿದರೆ ತಪ್ಪು ಗ್ರೀಸಿನದ್ದಲ್ಲ, ಅಳತೆಯದ್ದು.

6. ಈಗ ಎತ್ತರ. ಗೋಡೆಗೆ ಒರಗಿ ಸೀಟಿನ ಮೇಲೆ ಕೂತು, ಹಿಮ್ಮಡಿಯನ್ನು ಪೆಡಲಿನ ಮೇಲಿಟ್ಟು ಪೂರ್ತಿ ಕೆಳಗೆ ತನ್ನಿ. ಕಾಲು ಸರಿಯಾಗಿ ನೇರವಾಗಬೇಕು, ಸೊಂಟ ವಾಲಬಾರದು. ಆಮೇಲೆ ಪಾದದ ಮುಂಭಾಗದಿಂದ ತುಳಿದರೆ ಮೊಣಕಾಲು ಬೇಕಾದಷ್ಟು, ಸುಮಾರು 25ರಿಂದ 35 ಡಿಗ್ರಿ, ಮಡಚಿರುತ್ತದೆ. ಸೂತ್ರ ಬೇಡ, ಕ್ಯಾಲ್ಕುಲೇಟರ್ ಬೇಡ. ತುಳಿಯುವಾಗ ಮಂಡಿಯ ಮುಂದೆ ನೋವು ಬಂದರೆ ಸಾಮಾನ್ಯವಾಗಿ ಸೀಟು ತಗ್ಗು, ಮಂಡಿಯ ಹಿಂದೆ ನೋವು ಬಂದರೆ ಅಥವಾ ಸೊಂಟ ಅತ್ತಿತ್ತ ಹೊರಳಿದರೆ ಸೀಟು ಎತ್ತರ. ಬದಲಾಯಿಸುವುದಾದರೆ ಒಂದು ಸಲಕ್ಕೆ 5 ಮಿ.ಮೀ., ನಾಲ್ಕು ದಿನ ತುಳಿದು ಮತ್ತೆ ನೋಡಿ.

7. ಬೋಲ್ಟು ಬಿಗಿದು, ಸೀಟಿನ ಮೂತಿ ಹಿಡಿದು ಜೋರಾಗಿ ತಿರುಗಿಸಲು ನೋಡಿ. ತಿರುಗಬಾರದು. ಸೀಟಿನ ಕೆಳಗಿನ ಕ್ಲಿಪ್ಪಿನ ಎರಡೂ ನಟ್ಟುಗಳನ್ನೂ ನೋಡಿ. ಪಾಲಿಶ್ ಗೆರೆ ಹೊರಗೆ ಕಾಣುತ್ತಿದೆಯಾ? ಕಂಡರೆ ಕೆಲಸ ಮುಗಿದಿಲ್ಲ.

ಆರನೇ ಅಂಶ ಕೇಳುವ ಎತ್ತರಕ್ಕೆ ಗೆರೆ ಹೊರಗೆ ಬರುತ್ತದೆ ಅಂದರೆ ದಾರಿ ಒಂದೇ: ಅದೇ ದಪ್ಪದ, ಉದ್ದನೆಯ ಪಿಲ್ಲರ್ ತನ್ನಿ. ನನಗೆ ಬೇಕಾಗಿದ್ದದ್ದು 25.4 ದಪ್ಪದ, 30 ಸೆಂ.ಮೀ. ಉದ್ದದ ಒಂದು ಕೊಳವೆ. 14 ಹೊರಗೆ, 16 ಒಳಗೆ. ತಮ್ಮನಿಗೆ ಎತ್ತಿಕೊಟ್ಟರೂ 13 ಒಳಗೇ ಇರುತ್ತಿತ್ತು. ಅದೇ ದಪ್ಪದ್ದು ಸಿಗದೇ ಸಣ್ಣದೇ ಗತಿಯಾದರೆ ಡಬ್ಬದ ತಗಡಿನ ಚೂರು ಬೇಡ. ಸುತ್ತಲೂ ಒಂದೇ ದಪ್ಪವಿರುವ, ಹಿಡಿಯುವ ಜಾಗದ ಉದ್ದಕ್ಕೂ ಇಳಿಯುವ, ಬಾಯಲ್ಲಿ ಅಂಚಿರುವ ಸರಿಯಾದ ತೋಳುಕೊಳವೆ ಹಾಕಿಸಿ. ಅದೂ ಸಾಲದಷ್ಟು ನೀವು ಎತ್ತರವೇ? ಹಾಗಾದರೆ ಆ ಫ್ರೇಮು ನಿಮ್ಮದಲ್ಲ. ಬೇಜಾರಾದರೂ ನಿಜ.

ಎಲ್ಲ ಮಾಡಿದ ಮೇಲೆ ಬೋಲ್ಟನ್ನು ಮರೆಯಬೇಡಿ. ವರ್ಷಕ್ಕೊಮ್ಮೆ, ಆಯುಧಪೂಜೆಗೆ ಸೈಕಲ್ ತೊಳೆದು ಕುಂಕುಮ ಹಚ್ಚುತ್ತೀರಲ್ಲ, ಅವತ್ತು ಪಿಲ್ಲರ್ ಕಿತ್ತು ಒರೆಸಿ ಗ್ರೀಸು ಹಾಕಿ. ನಿಂಬೆಹಣ್ಣಿಗಿಂತ ಅದು ಹೆಚ್ಚು ಕಾಪಾಡುತ್ತದೆ.

*

ಮುರಿದ ಫ್ರೇಮನ್ನು ವೆಲ್ಡಿಂಗ್ ಅಂಗಡಿಗೆ ತಗೊಂಡು ಹೋಗಿದ್ದೆ. "ಐದು ನಿಮಿಷದ ಕೆಲಸ ಸಾರ್, ಬಿಟ್ಟು ಹೋಗಿ" ಅಂದರು. ಹಿತ್ತಾಳೆಯಲ್ಲಿ ಬೆಸೆದ ಲಗ್ಗಿಗೆ, ತೆಳು ಕೊಳವೆಗೆ, ಗೇಟು ಬೆಸೆಯುವ ಕರೆಂಟ್ ವೆಲ್ಡಿಂಗ್ ಕೊಟ್ಟರೆ ಪಕ್ಕದ ಜಾಗ ಪೆಡಸಾಗಿ ಇನ್ನೊಮ್ಮೆ ಅಲ್ಲೇ ಬಿಡುತ್ತದೆ. ಇನ್ನೊಬ್ಬರ ಮಣಿಕಟ್ಟು ನನ್ನ ಹತ್ತಿರ ಇರಲಿಲ್ಲ. ವಾಪಸ್ ತಂದೆ. ಈಗ ಬಾಲ್ಕನಿ ಗೋಡೆಗೆ ನೇತುಹಾಕಿದ್ದೇನೆ. ನಾನು ಓಡಿಸುತ್ತಿರುವುದು ಇನ್ನೊಂದು ಹಳೇ ಸ್ಟೀಲ್ ಸೈಕಲ್ಲು, 22 ಇಂಚು, ಉದ್ದನೆಯ ಪಿಲ್ಲರ್, ಅದರ ಮೇಲೆ ಕೆಂಪು ನೇಲ್ ಪಾಲಿಶಿನ ಗೆರೆ.

ಅಪ್ಪನಿಗೆ ಫೋನ್ ಮಾಡಿ ಹೇಳಲು ಮೂರು ದಿನ ತಗೊಂಡೆ. ಮೊದಲು ಕೇಳಿದ್ದು, "ಅವನ ಕೈ ಹೆಂಗಿದೆ?" ಅಂತ. ಎರಡು ಸಲ ಅದನ್ನೇ ಕೇಳಿದರು. ಸೈಕಲ್ಲಿನ ವಿಷಯ ಹೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ಸೀಟನ್ನ ನಾನು ಅಷ್ಟು ವರ್ಷದಲ್ಲಿ ಒಂದ್ಸಲಾನೂ ಕಿತ್ತು ನೋಡಿರ್ಲಿಲ್ಲ ನೋಡು" ಅಂದರು. ನನ್ನನ್ನು ಸಮಾಧಾನ ಮಾಡಲು ಹೇಳಿದ್ದು ಅಂತ ಗೊತ್ತು. ಅವರು ಕೀಳಬೇಕಾದ ಅಗತ್ಯ ಇರಲಿಲ್ಲ, ನನಗಿತ್ತು.

ಹಾಗಾಗಿ ಒಂದು ಕೋರಿಕೆ. ಈ ಬರಹಕ್ಕೆ "ಚೆನ್ನಾಗಿದೆ", "ಮನ ಮುಟ್ಟಿತು" ಅಂತ ಕಾಮೆಂಟು ಬೇಡ. ಮೆಟ್ಟಿಲ ಕೆಳಗೆ, ಕೊಟ್ಟಿಗೆಯಲ್ಲಿ, ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ನಿಮ್ಮ ಅಪ್ಪನ ಸೈಕಲ್ಲು ಇದೆಯಲ್ಲ, ಅದರ ಪಿಲ್ಲರ್ ಕಿತ್ತು ಅಳೆದು ಎರಡೇ ಅಂಕಿ ಬರೆಯಿರಿ. ಹೊರಗೆ ಎಷ್ಟು, ಒಳಗೆ ಎಷ್ಟು. ಗುಂಡಿ ತಪ್ಪಿಸಲು ನಮ್ಮ ಕೈಯಲ್ಲಿ ಆಗುವುದಿಲ್ಲ, ಇಷ್ಟಾದರೂ ಆಗುತ್ತದಲ್ಲ.

ನನ್ನದು: ಹೊರಗೆ 10, ಒಳಗೆ 20. ನಿಮ್ಮದು?